13.2 ವೋಲ್ಟ್ ಹೇಳದ ಮಾತು

ಕರೆಂಟ್ ಹೋದರೆ ಹೆಚ್ಚಿನ ಮನೆಗಳಲ್ಲಿ ಫ್ಯಾನ್ ನಿಲ್ಲುತ್ತದೆ, ಧಾರಾವಾಹಿ ಅರ್ಧಕ್ಕೆ ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಮಾವನವರ ಉಸಿರಿನ ಲೆಕ್ಕ ಶುರುವಾಗುತ್ತದೆ.

ನಮ್ಮದು ಹುಬ್ಬಳ್ಳಿಯ ನವನಗರ. ಮಾವನವರಿಗೆ ಈಗ 76 ವರ್ಷ. ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪ್‌ನಲ್ಲಿ ಬೋಗಿಗಳ ಲೈಟು, ಫ್ಯಾನು, ಬ್ಯಾಟರಿ ನೋಡಿಕೊಳ್ಳುವ ಕೆಲಸ ಮಾಡಿ ನಿವೃತ್ತರಾದವರು. ಶ್ವಾಸಕೋಶದ ಹಳೆಯ ಕಾಯಿಲೆ ಹೆಚ್ಚಾಗಿ, ಎರಡು ವರ್ಷದಿಂದ ಆಕ್ಸಿಜನ್ ಕಾನ್ಸಂಟ್ರೇಟರ್ ಹಚ್ಚಿಕೊಂಡೇ ಮಲಗುತ್ತಾರೆ. ಗಾಳಿಯಲ್ಲಿ ಆಕ್ಸಿಜನ್ ಇರುವುದು ಸುಮಾರು 21 ಭಾಗ. ಈ ಮಷಿನ್ ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಅದರೊಳಗಿನ ನೈಟ್ರೋಜನ್ ಹಿಡಿದಿಟ್ಟುಕೊಂಡು, 90 ಭಾಗಕ್ಕಿಂತ ಹೆಚ್ಚು ಆಕ್ಸಿಜನ್ ಇರುವ ಗಾಳಿಯನ್ನು ಮೂಗಿನ ಕೊಳವೆಗೆ ಕೊಡುತ್ತದೆ. ಆದರೆ ಅದಕ್ಕೆ ಕರೆಂಟ್ ಬೇಕು. ನಮ್ಮ ಮಷಿನ್‌ಗೆ ಬೇಕಾಗುವುದು ಸುಮಾರು 300 ವ್ಯಾಟ್. ಮಿಕ್ಸರ್‌ಗೆ ಹೋಲಿಸಿದರೆ ಕಡಿಮೆ ಎನಿಸುತ್ತದೆ. ಆದರೆ ಮಿಕ್ಸರ್ ಹತ್ತು ನಿಮಿಷ ತಿರುಗಿ ನಿಲ್ಲುತ್ತದೆ, ಇದು ಇಡೀ ರಾತ್ರಿ ತಿರುಗುತ್ತದೆ.

ಮೊದಲು ನಮ್ಮಲ್ಲಿ ಇದ್ದದ್ದು ಹಳೆಯ ಪದ್ಧತಿಯ ಸೀಸ-ಆಸಿಡ್ ಬ್ಯಾಟರಿ. ಅದರ ಆರೈಕೆ ಪೂರ್ತಿ ಮಾವನವರದೇ. ಡಿಸ್ಟಿಲ್ಡ್ ವಾಟರ್ ಹಾಕುವುದು, ಟರ್ಮಿನಲ್ ಒರೆಸಿ ವ್ಯಾಸಲೀನ್ ಹಚ್ಚುವುದು, ವಾರಕ್ಕೊಮ್ಮೆ ಮಲ್ಟಿಮೀಟರ್ ಇಟ್ಟು ನೋಡುವುದು. “12.7 ಅಂದ್ರ ಹೊಟ್ಟಿ ತುಂಬೇತಿ. 12.2 ಅಂದ್ರ ಅರ್ಧ. 11.8ಕ್ಕ ಬಂತಂದ್ರ ಉಪವಾಸ,” ಎಂದು ನನಗೂ ಮಗಳಿಗೂ ಬಾಯಿಪಾಠ ಮಾಡಿಸಿದ್ದರು. ಸೀಸದ ಬ್ಯಾಟರಿಗೆ ಆ ಲೆಕ್ಕ ಸರಿಯಾದದ್ದೇ. ಅದು ಖಾಲಿಯಾಗುತ್ತ ಹೋದಂತೆ ಒಳಗಿನ ಆಸಿಡ್ ತೆಳುವಾಗುತ್ತದೆ, ವೋಲ್ಟೇಜ್ ಕೂಡ ಮೆಟ್ಟಿಲು ಇಳಿದಂತೆ ಇಳಿಯುತ್ತದೆ. ಮನೆ ಮೇಲಿನ ಟ್ಯಾಂಕಿನಲ್ಲಿ ನೀರು ಇಳಿದಂತೆ ನಲ್ಲಿಯ ರಭಸ ಕಡಿಮೆಯಾಗುವುದಿಲ್ಲವೆ, ಹಾಗೆ.

ಕಳೆದ ವರ್ಷ ಆ ಬ್ಯಾಟರಿ ಕೈಕೊಟ್ಟಿತು. ನಮ್ಮ ಮನೆಯವರು ಲಿಥಿಯಂ ಬ್ಯಾಟರಿ ತಂದರು. ಹಳೆಯದನ್ನು ಎತ್ತಲು ಇಬ್ಬರು ಬೇಕಾಗಿತ್ತು, ಹೊಸದನ್ನು ಅಂಗಡಿಯ ಹುಡುಗ ಒಬ್ಬನೇ ಹೆಗಲ ಮೇಲೆ ಇಟ್ಟುಕೊಂಡು ಬಂದ. “ಅಜ್ಜಾರ, ಇದಕ್ಕ ನೀರ ಹಾಕೂದ ಬ್ಯಾಡ, ಏನೂ ಬ್ಯಾಡ. ಹಚ್ಚಿ ಮರತಬಿಡ್ರಿ,” ಎಂದ. ಮರೆಯುವ ಜಾಯಮಾನ ಮಾವನವರದಲ್ಲ. ಅಂದು ಸಂಜೆಯೇ ಮೀಟರ್ ಹಿಡಿದು ಕೂತರು. 13.4. ಮರುದಿನ ಒಂದು ತಾಸು ಕರೆಂಟ್ ಹೋಗಿ ಬಂತು. ಅದಕ್ಕೆ ಮೊದಲು ನೋಡಿದಾಗ 13.3, ಆಮೇಲೆ ನೋಡಿದಾಗ 13.2. ಇನ್ನೊಂದು ದಿನ ಎರಡು ತಾಸು ಹೋಯಿತು. ಮತ್ತೆ 13.2.

ಬೇರೆ ಯಾರಾದರೂ ಆಗಿದ್ದರೆ “ಎಷ್ಟು ಚಲೋ ಬ್ಯಾಟರಿ” ಎಂದು ಖುಷಿಪಡುತ್ತಿದ್ದರೇನೋ. ಮಾವನವರ ಮುಖ ಸಣ್ಣದಾಯಿತು. “ನೋಡವಾ, ಇಳೀಲಾರದ ಮೀಟರ್ ಕಂಡ್ರ ನನಗ ಅಂಜಿಕಿ ಬರತೈತಿ. ಖಾಲಿ ಆಗೂದು ಬ್ಯಾಟರಿ ಧರ್ಮ. ಇದು ಎಲ್ಲಿ ಖಾಲಿ ಆಗಾಕತ್ತೇತಿ ಅಂತ ನನಗ ತಿಳೀವಲ್ದು,” ಎಂದರು.

ಆ ಮಾತು ನನ್ನ ತಲೆಯಲ್ಲಿ ಕೂತಿತು. ಯಾಕೆಂದರೆ ರಾತ್ರಿ ಎರಡು ಗಂಟೆಗೆ ಕರೆಂಟ್ ಹೋದಾಗ ನಮಗೆ ಬೇಕಾದ ಉತ್ತರ ಒಂದೇ: ಇನ್ನೂ ಎಷ್ಟು ಹೊತ್ತು?

ಒಂದು ಭಾನುವಾರ ಅಜ್ಜ-ಮೊಮ್ಮಗಳು ಸೇರಿ ಪರೀಕ್ಷೆಗೆ ಇಳಿದರು. ಮಗಳು ಪಿಯುಸಿ ಎರಡನೇ ವರ್ಷ, ಸೈನ್ಸ್. ಮಾವನವರ ಕಾನ್ಸಂಟ್ರೇಟರನ್ನು ಇನ್ವರ್ಟರ್‌ಗೆ ಸಂಬಂಧವಿಲ್ಲದ ಗೋಡೆಯ ಸಾಕೆಟ್‌ಗೆ ಹಾಕಿದೆವು. ಇನ್ವರ್ಟರ್‌ನ ಪ್ಲಗ್ ಕಿತ್ತು, ಅದಕ್ಕೆ 100 ವ್ಯಾಟಿನ ಮೂರು ಹಳೆಯ ಬಲ್ಬು ಹಚ್ಚಿದೆವು. ಮೂರು ಸೇರಿದರೆ 300, ಅಂದರೆ ಮಷಿನ್ ಎಳೆಯುವಷ್ಟೇ. ಕಾಲು ಗಂಟೆಗೊಮ್ಮೆ ಮಾವನವರು ಮೀಟರ್ ಓದಬೇಕು, ಮಗಳು ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಡಬೇಕು. “ಹಗಲ ಹೊತ್ತಿನ್ಯಾಗ ಬಲ್ಬ ಉರಿಸಿ ಅದರ ಮುಂದ ಕುಂತ ಮಂದಿನ್ನ ಇವತ್ತ ನೋಡಿದೆ,” ಎಂದು ಅತ್ತೆಯವರು ಅವಲಕ್ಕಿ ತಂದು ಕೊಟ್ಟರು.

ಬಲ್ಬ್ ಹಚ್ಚುವ ಮೊದಲು 13.4 ಇತ್ತು. ಹಚ್ಚಿದ ಕೂಡಲೇ 13.1. ಒಂದು ತಾಸಿಗೆ 13.0. ಎರಡು ತಾಸಿಗೆ 12.9. ಎರಡೂ ಮುಕ್ಕಾಲು ತಾಸಿಗೆ 12.8. ಅಲ್ಲಿಯವರೆಗೆ ಮಗಳ ಗ್ರಾಫ್ ನವಲಗುಂದದ ಎರೆಹೊಲದಂತೆ ಸಪಾಟ. ಮೂರು ತಾಸಿಗೆ 12.6. ಮೂರೂ ಕಾಲಿಗೆ 12.2. ಆಮೇಲೆ ಮೀಟರ್ ಓದುವುದರೊಳಗೆ ಸಂಖ್ಯೆ ಜಾರತೊಡಗಿತು. ಇನ್ವರ್ಟರ್ ಕುಂಯ್‌ಗುಟ್ಟಿತು. 3 ಗಂಟೆ 25 ನಿಮಿಷಕ್ಕೆ ಬಲ್ಬು ಮೂರೂ ಒಮ್ಮೆಲೇ ಆರಿದವು.

ಮಾವನವರು ಹಾಳೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಮೊದಲ ಎರಡೂ ಮುಕ್ಕಾಲು ತಾಸಿನಲ್ಲಿ ಇಳಿದದ್ದು 0.3 ವೋಲ್ಟ್. ಕೊನೆಯ 40 ನಿಮಿಷದಲ್ಲಿ ಒಂದೂವರೆ ವೋಲ್ಟಿಗಿಂತ ಹೆಚ್ಚು. “ಇದು ಮೆಟ್ಟಲಾ ಇಳಿಯೂ ಬ್ಯಾಟರಿ ಅಲ್ಲ. ಮಾಳಗಿ ಮ್ಯಾಲೆ ಆರಾಮ ಅಡ್ಡಾಡಿ ತುದಿಗೆ ಬಂದು ಬೀಳೂ ಬ್ಯಾಟರಿ,” ಎಂದರು.

ಯಾಕೆ ಹೀಗೆ? ಮಗಳು ಓದಿ ತಿಳಿಸಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ನಮ್ಮ ಬ್ಯಾಟರಿಯ ಪೂರ್ತಿ ಹೆಸರು ಲಿಥಿಯಂ ಐರನ್ ಫಾಸ್ಫೇಟ್. ಒಳಗೆ 3.2 ವೋಲ್ಟಿನ ನಾಲ್ಕು ಸೆಲ್ ಸಾಲಾಗಿ ಇರುತ್ತವೆ, ಒಟ್ಟು 12.8. ಖಾಲಿಯಾಗುವಾಗ ಲಿಥಿಯಂ ಅಯಾನುಗಳು ಗ್ರಾಫೈಟ್ ಬದಿಯಿಂದ ಹೊರಟು ಕಬ್ಬಿಣದ ಫಾಸ್ಫೇಟ್ ಬದಿಗೆ ಬಂದು ಸೇರುತ್ತವೆ. ಆ ಬದಿಯಲ್ಲಿ ಲಿಥಿಯಂ ತುಂಬಿದ ಭಾಗ, ತುಂಬದ ಭಾಗ ಎರಡೂ ಅಕ್ಕಪಕ್ಕ ಇರುತ್ತವೆ. ಒಂದು ಬೆಳೆಯುತ್ತ ಇನ್ನೊಂದು ಕರಗುತ್ತ ಹೋಗುತ್ತದೆ. ಎರಡೂ ಇರುವ ತನಕ ವೋಲ್ಟೇಜ್ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ.

ಇದನ್ನು ಅಡುಗೆಮನೆಯ ಭಾಷೆಯಲ್ಲಿ ಹೇಳುವುದು ಇನ್ನೂ ಸುಲಭ. ಒಲೆಯ ಮೇಲೆ ನೀರು ಕುದಿಯುತ್ತಿದೆ ಎನ್ನಿ. ಪಾತ್ರೆಯಲ್ಲಿ ತಂಬಿಗೆ ನೀರಿರಲಿ, ಒಂದು ಗುಟುಕು ಇರಲಿ, ಕುದಿಯುವ ನೀರಿನ ಬಿಸಿ ಒಂದೇ. ಥರ್ಮಾಮೀಟರ್ ಅದ್ದಿ ನೋಡಿ ನೀರು ಎಷ್ಟು ಉಳಿದಿದೆ ಎಂದು ಹೇಳಲು ಬರುವುದಿಲ್ಲ. ಕೊನೆಯ ಹನಿ ಆರಿದ ಮೇಲೆ ಮಾತ್ರ ಪಾತ್ರೆ ತಳ ಹಿಡಿದು ಕರಕಲಾಗುತ್ತದೆ. ನಮ್ಮ 13.2 ವೋಲ್ಟ್ ಎಂದರೆ ಆ ಥರ್ಮಾಮೀಟರ್. ಬ್ಯಾಟರಿ ಕೆಲಸ ಮಾಡುತ್ತಿದೆ ಎಂದು ಅದು ಹೇಳುತ್ತದೆ. ಎಷ್ಟು ಉಳಿದಿದೆ ಎಂದು ಹೇಳುವುದಿಲ್ಲ.

ಮೊಬೈಲಿನಲ್ಲಿ ಇರುವುದು ಇದೇ ಜಾತಿಯ, ಆದರೆ ಬೇರೆ ಪದಾರ್ಥದ ಲಿಥಿಯಂ ಬ್ಯಾಟರಿ. ಅದರ ಒಂದು ಸೆಲ್ ತುಂಬಿದಾಗ ಸಾಮಾನ್ಯವಾಗಿ 4.2 ವೋಲ್ಟ್, ನಡುವೆ 3.7ರ ಆಸುಪಾಸು, ಪೂರ್ತಿ ಇಳಿದಾಗ 3ರ ಹತ್ತಿರ. ಅಲ್ಲಿ ಸ್ವಲ್ಪ ಇಳಿಜಾರು ಇದೆ, ಆದರೆ ಕೊನೆಗೆ ಅದೂ ದಿಢೀರನೆ ಬೀಳುವುದೇ. ಹಾಗಾಗಿ ಫೋನು ತೋರಿಸುವ ಶೇಕಡಾ ಲೆಕ್ಕಕ್ಕೆ ವೋಲ್ಟೇಜ್ ಒಂದನ್ನೇ ನಂಬಿರುವುದಿಲ್ಲ. ಒಳಗೆ ಹೋದ ಕರೆಂಟು, ಹೊರಗೆ ಬಂದ ಕರೆಂಟು ಎಣಿಸುವ ಒಂದು ಚಿಪ್ ಇರುತ್ತದೆ.

ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮೊದಲು ಮಾರುಕಟ್ಟೆಗೆ ತಂದದ್ದು ಜಪಾನಿನ ಸೋನಿ ಕಂಪನಿ, 1991ರಲ್ಲಿ. ಇದಕ್ಕೆ ಬುನಾದಿ ಹಾಕಿದ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೊ ಮೂವರಿಗೂ 2019ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಬಂತು. ಆಗ ಗುಡ್‌ಇನಫ್ ಅವರಿಗೆ 97 ವರ್ಷ. ನಮ್ಮ ಮನೆಯಲ್ಲಿರುವ ಐರನ್ ಫಾಸ್ಫೇಟ್ ಮಾದರಿಯನ್ನು ಜಗತ್ತಿಗೆ ತಿಳಿಸಿದ 1997ರ ಪ್ರಬಂಧದಲ್ಲಿ ಅವರ ಜೊತೆಗೆ ಪಾಢಿ, ನಂಜುಂಡಸ್ವಾಮಿ ಎಂಬ ಇಬ್ಬರ ಹೆಸರಿವೆ. ಮಗಳು ಅದನ್ನು ಓದಿದಾಗ ಮಾವನವರು, “ನಂಜುಂಡಸ್ವಾಮಿ? ಹೆಸರು ನಮ್ಮ ಮಂದೀದು ಇದ್ದಂಗ ಐತಲ್ಲ!” ಎಂದು ಬ್ಯಾಟರಿಯನ್ನು ಮೊದಲ ಸಲ ಸ್ವಲ್ಪ ಪ್ರೀತಿಯಿಂದ ನೋಡಿದರು.

ಗ್ರಾಫಿನಲ್ಲಿ ಇನ್ನೊಂದು ವಿಷಯವಿತ್ತು. ಬಲ್ಬ್ ಹಚ್ಚಿದ ಕ್ಷಣ 13.4 ಇದ್ದದ್ದು 13.1 ಆಯಿತಲ್ಲ, ಆಗ ಬ್ಯಾಟರಿಯಿಂದ ಏನೂ ಖರ್ಚಾಗಿರಲಿಲ್ಲ. ಭಾರ ಹೊತ್ತಾಗ ವೋಲ್ಟೇಜ್ ತಗ್ಗುತ್ತದೆ, ಭಾರ ಇಳಿಸಿದಾಗ ಏಳುತ್ತದೆ. ಪೂರ್ತಿ ಖಾಲಿಯಾಗಿ ಬಂದ್ ಬಿದ್ದ ಬ್ಯಾಟರಿ ಕೂಡ ಹತ್ತು ನಿಮಿಷ ಬಿಟ್ಟು ನೋಡಿದರೆ 12.3 ತೋರಿಸಿತು. ನಮ್ಮ ಮನೆಯವರು ಎಲೆಕ್ಟ್ರಿಕ್ ಸ್ಕೂಟರ್ ಮೇಲೆ ಧಾರವಾಡಕ್ಕೆ ಕೆಲಸಕ್ಕೆ ಹೋಗುತ್ತಾರೆ. ಹುಬ್ಬಳ್ಳಿಗಿಂತ ಧಾರವಾಡ ಎತ್ತರದಲ್ಲಿದೆ. ಏರು ಹತ್ತುವಾಗ ಸ್ಕೂಟರಿನ ವೋಲ್ಟೇಜ್ ಕುಗ್ಗುವುದು, ಸಪಾಟು ಬಂದ ಕೂಡಲೇ ಚೇತರಿಸಿಕೊಳ್ಳುವುದು ಇದೇ ಕಾರಣಕ್ಕೆ. ಬ್ಯಾಟರಿ ಹಳೆಯದಾದಷ್ಟೂ, ಚಳಿ ಹೆಚ್ಚಾದಷ್ಟೂ ಈ ಕುಗ್ಗುವುದು ಹೆಚ್ಚು.

ಇನ್ನು ತುಂಬುವಾಗಿನ ಕಥೆ. ನಮಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ. ಖಾಲಿ ಬ್ಯಾಟರಿಗೆ ಚಾರ್ಜರ್ ಹಚ್ಚಿದ ಕೆಲವೇ ನಿಮಿಷಕ್ಕೆ ಮೀಟರ್ 13.2 ದಾಟಿತು. ಅರ್ಧ ಗಂಟೆಗೆ 13.4. ಮೀಟರ್ ನೋಡಿದವರು ತುಂಬಿದೆ ಎಂದೇ ಹೇಳಬೇಕು. ನಿಜದಲ್ಲಿ ಒಳಗೆ ಹೋದದ್ದು ನೂರಕ್ಕೆ ಏಳೆಂಟು ಭಾಗ! ಚಾರ್ಜರ್ ಒಂದೇ ಸಮನೆ ಕರೆಂಟು ನೂಕುತ್ತದೆ, ನೂಕುವ ಬಲಕ್ಕೆ ವೋಲ್ಟೇಜ್ ಮೇಲಕ್ಕೆ ಎದ್ದು ನಿಲ್ಲುತ್ತದೆ, ತಾಸುಗಟ್ಟಲೆ ಅಲ್ಲೇ ಇರುತ್ತದೆ. ಕೊನೆಗೆ 14ರ ಮೇಲೆ ಏರಿ ತನ್ನ ಮಿತಿ ಮುಟ್ಟಿದಾಗ ಚಾರ್ಜರ್ ವೋಲ್ಟೇಜನ್ನು ಅಲ್ಲೇ ಹಿಡಿದು, ಕರೆಂಟನ್ನು ನಿಧಾನ ಕಡಿಮೆ ಮಾಡುತ್ತದೆ. ಮೊಬೈಲಿನಲ್ಲಿ 80ರ ತನಕ ಓಡಿ, ಆಮೇಲೆ 100ಕ್ಕೆ ಹೋಗಲು ತೆವಳುವುದನ್ನು ನೀವೂ ನೋಡಿರುತ್ತೀರಿ. ಅದೂ ಇದೇ.

ನಾನು ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತೆ. ಜಮಾ-ಖರ್ಚು ಬರೆಯುವುದು ನನ್ನ ಕಸುಬು. ಮೀಟರ್ ಉತ್ತರ ಕೊಡದಿದ್ದರೆ ಪಾಸ್‌ಬುಕ್ ಇಡೋಣ ಎಂದೆ. ಬ್ಯಾಟರಿಯ ಮೇಲೆ 100 ಆಂಪಿಯರ್-ಅವರ್ ಎಂದು ಬರೆದಿದೆ. ಅದನ್ನು 12.8ಕ್ಕೆ ಗುಣಿಸಿದರೆ 1280 ವ್ಯಾಟ್-ಅವರ್, ಅದೇ ನಮ್ಮ ಠೇವಣಿ. ಮಷಿನ್‌ಗೆ ಬೇಕಾದದ್ದು 300 ವ್ಯಾಟ್, ಆದರೆ ಇನ್ವರ್ಟರ್ ತನ್ನ ದಲ್ಲಾಳಿ ಹಿಡಿದುಕೊಳ್ಳುತ್ತದೆ, ಹಾಗಾಗಿ ಬ್ಯಾಟರಿಯಿಂದ ಹೋಗುವುದು 350ರ ಹತ್ತಿರ, ಅಂದರೆ ಸುಮಾರು 27 ಆಂಪಿಯರ್. ಚಾರ್ಜರ್ ಜಮಾ ಮಾಡುವುದು 15 ಆಂಪಿಯರ್. ಖರ್ಚು ದೊಡ್ಡದು, ಜಮಾ ಸಣ್ಣದು. ಕರೆಂಟ್ ಹೋದ ಹೊತ್ತು, ಬಂದ ಹೊತ್ತು ಬರೆದಿಡಲು ಇನ್ವರ್ಟರ್ ಪಕ್ಕ ಒಂದು ಕ್ಯಾಲೆಂಡರ್, ಅದಕ್ಕೆ ದಾರ ಕಟ್ಟಿದ ಪೆನ್ನು.

ಈ ಪಾಸ್‌ಬುಕ್ಕಿನ ಬೆಲೆ ತಿಳಿದದ್ದು ಜುಲೈ ತಿಂಗಳ ಒಂದು ರಾತ್ರಿ. ಸಂಜೆಯಿಂದ ಗಾಳಿ-ಮಳೆ. 10.40ಕ್ಕೆ ಕರೆಂಟ್ ಹೋಯಿತು. ಬ್ಯಾಟರಿ ತುಂಬಿತ್ತು, ಮಷಿನ್ ನಡೆಯಿತು. 1.10ಕ್ಕೆ ಕರೆಂಟ್ ಬಂತು. ಎಲ್ಲರೂ ಉಸ್ಸೆಂದು ಮಲಗಿದೆವು. 1.40ಕ್ಕೆ ಮತ್ತೆ ಹೋಯಿತು. ಎಲ್ಲೋ ಮರ ಬಿದ್ದು ತಂತಿ ಹರಿದಿದೆ ಎಂದು ಓಣಿಯವರು ಹೇಳುತ್ತಿದ್ದರು.

“ಹೋಗೂಕಿಂತ ಮೊದಲ 13.4 ಇತ್ತಲ್ಲ, ನಡೀತೈತಿ ಮಲಕೊ,” ಎಂದರು ನಮ್ಮ ಮನೆಯವರು. ಅವರ ತಪ್ಪಲ್ಲ, ಮೀಟರ್ ಹಾಗೇ ಹೇಳುತ್ತಿತ್ತು. ಕ್ಯಾಲೆಂಡರ್ ಬೇರೆ ಹೇಳುತ್ತಿತ್ತು. ಎರಡೂವರೆ ತಾಸು ಖರ್ಚಾಗಿದೆ, ಉಳಿದದ್ದು 55 ನಿಮಿಷ. ನಡುವೆ ಅರ್ಧ ತಾಸು ಜಮಾ, ಅಂದರೆ ಏಳೂವರೆ ಆಂಪಿಯರ್-ಅವರ್. 27ರ ಲೆಕ್ಕದಲ್ಲಿ ಅದು 16 ನಿಮಿಷದ ಖರ್ಚಿಗೆ ಸಾಲುತ್ತದೆ. ಅರ್ಧ ತಾಸಿನ ಕರೆಂಟು ಕೊಟ್ಟದ್ದು ಕಾಲು ತಾಸಿನ ಉಸಿರು. ಎಲ್ಲ ಕೂಡಿಸಿದರೂ 2.50ಕ್ಕೆ ಮುಗಿಯಿತು.

ಮೂಲೆಯಲ್ಲಿ ಒಂದು ಬಿ-ಟೈಪ್ ಸಿಲಿಂಡರ್ ತುಂಬಿಸಿ ಇಟ್ಟಿದ್ದೆವು. ಅದರಲ್ಲಿ ಹಿಡಿಯುವುದು ಸುಮಾರು 1.5 ಘನ ಮೀಟರ್, ಎಂದರೆ 1500 ಲೀಟರ್ ಆಕ್ಸಿಜನ್. ಮಾವನವರಿಗೆ ಬೇಕಾದದ್ದು ನಿಮಿಷಕ್ಕೆ 2 ಲೀಟರ್. ಹನ್ನೆರಡು ತಾಸಿಗೆ ಚಿಂತೆಯಿಲ್ಲ. ಆದರೆ ಅದನ್ನು ಜೋಡಿಸಲು ಬೆಳಕು ಬೇಕು, ಪಾನಾ ಹಿಡಿಯುವ ಕೈ ನಡುಗಬಾರದು. ಬೀಪ್ ಹೊಡೆಯಲಿ ಎಂದು ಕಾಯಲಿಲ್ಲ. 2.15ಕ್ಕೆ, ಬ್ಯಾಟರಿಯಲ್ಲಿ ಇನ್ನೂ ಅರ್ಧ ತಾಸು ಇರುವಾಗಲೇ, ನಿಧಾನವಾಗಿ ಕೊಳವೆ ಬದಲಿಸಿದೆವು. ಮಾವನವರು ಕಣ್ಣು ತೆರೆದು, “ಪಾಸ್‌ಬುಕ್ಕಿನ್ಯಾಗ ಎಷ್ಟ ಐತಿ?” ಎಂದು ಕೇಳಿ ಮತ್ತೆ ನಿದ್ದೆಹೋದರು. ಕರೆಂಟ್ ಬಂದದ್ದು ಬೆಳಗಿನ 5.50ಕ್ಕೆ.

2.50ರಿಂದ 5.50. ಆ ಮೂರು ತಾಸನ್ನು ನಾನು ಆಗಾಗ ಲೆಕ್ಕ ಹಾಕುತ್ತೇನೆ.

ಮರುದಿನ ಮಗಳು ತನ್ನ ಮೊದಲನೇ ಪಿಯುಸಿ ಜೀವಶಾಸ್ತ್ರದ ಪುಸ್ತಕ ತಂದಳು. ಉಸಿರಾಟದ ಪಾಠದಲ್ಲಿ ಒಂದು ಗ್ರಾಫ್ ಇದೆ. ರಕ್ತದ ಹಿಮೋಗ್ಲೋಬಿನ್ ಆಕ್ಸಿಜನ್ ಹಿಡಿದುಕೊಳ್ಳುವುದನ್ನು ತೋರಿಸುವ ಗೆರೆ. ಮೇಲೆ ಸಪಾಟು, ಆಮೇಲೆ ಕಡಿದಾದ ಇಳಿಜಾರು. “ಅಮ್ಮಾ, ನಮ್ಮ ಬ್ಯಾಟರಿ ಗ್ರಾಫ್ ಇದ್ದಂಗ ಐತಿ ನೋಡು,” ಎಂದಳು. ಎರಡರ ಕಾರಣ ಬೇರೆ, ಆದರೆ ಮೋಸ ಹೋಗುವ ರೀತಿ ಒಂದೇ. ರಕ್ತದಲ್ಲಿನ ಆಕ್ಸಿಜನ್ ಒತ್ತಡ 100ರಿಂದ 60ಕ್ಕೆ ಬಿದ್ದರೂ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಸಂಖ್ಯೆ ಸುಮಾರು 97ರಿಂದ 90ಕ್ಕೆ ಇಳಿಯುತ್ತದೆ, ಅಷ್ಟೇ. ಮುಂದೆ 60ರಿಂದ 40ಕ್ಕೆ ಬೀಳುವಷ್ಟರಲ್ಲಿ ಅದು 75ರ ಹತ್ತಿರ ಬಂದಿರುತ್ತದೆ. ಮಾವನವರಿಗೆ ಡಾಕ್ಟರು ಹಾಕಿಕೊಟ್ಟ ಮಿತಿ 88ರಿಂದ 92. ಎಂದರೆ ಅವರು ಯಾವಾಗಲೂ ನಿಂತಿರುವುದೇ ಮಾಳಿಗೆಯ ತುದಿಯಲ್ಲಿ. 88ಕ್ಕಿಂತ ಕೆಳಗೆ ಹೋದರೆ ಇನ್ನೊಂದು ಸಲ ನೋಡೋಣ ಎಂದು ಕಾಯದೆ ತಕ್ಷಣ ಫೋನ್ ಮಾಡಿ ಎಂದು ಡಾಕ್ಟರು ಯಾಕೆ ಹೇಳಿದ್ದರು ಎಂಬುದು ಆ ಗೆರೆ ನೋಡಿದ ಮೇಲೆ ಅತ್ತೆಯವರಿಗೂ ತಿಳಿಯಿತು.

ನಮ್ಮಂತೆ ಮನೆಯಲ್ಲಿ ಮಷಿನ್ ಇಟ್ಟುಕೊಂಡವರು ಇದನ್ನು ಓದುತ್ತಿದ್ದರೆ ಕೆಲವು ಮಾತು. ಬ್ಯಾಟರಿ ಯಾವ ಜಾತಿಯದು ಎಂದು ಅದರ ಮೇಲೆ ಬರೆದದ್ದನ್ನು ಓದಿ. ಸೀಸದ್ದಕ್ಕೆ ಇರುವ ವೋಲ್ಟೇಜ್ ಲೆಕ್ಕವನ್ನು ಲಿಥಿಯಂಗೆ ಹಚ್ಚಬೇಡಿ. ರೋಗಿಗೆ ಬೇರೆ ವ್ಯವಸ್ಥೆ ಮಾಡಿಕೊಂಡು, ಹಗಲು ಹೊತ್ತಿನಲ್ಲಿ ಒಮ್ಮೆ ಅಷ್ಟೇ ವ್ಯಾಟಿನ ಬಲ್ಬು ಹಚ್ಚಿ ಎಷ್ಟು ತಾಸು ಬರುತ್ತದೆ ನೋಡಿ ಬರೆದಿಡಿ. ಬ್ಯಾಟರಿಗೆ ವಯಸ್ಸಾದಂತೆ ತಾಸು ಕಡಿಮೆಯಾಗುತ್ತದೆ, ಹಾಗಾಗಿ ವರ್ಷಕ್ಕೊಮ್ಮೆ ಮತ್ತೆ ನೋಡಿ. ಶೇಕಡಾ ತೋರಿಸುವ ಬ್ಯಾಟರಿಯಾದರೆ ಆಗಾಗ ಪೂರ್ತಿ ತುಂಬಲು ಬಿಡಿ, ಅದರ ಎಣಿಕೆ ಸರಿಹೋಗುವುದು ಅಲ್ಲೇ. ಕರೆಂಟ್ ನಡುವೆ ಸ್ವಲ್ಪ ಹೊತ್ತು ಬಂದು ಹೋದರೆ ಮೀಟರಿನ ದೊಡ್ಡ ಸಂಖ್ಯೆಯನ್ನು ನಂಬಬೇಡಿ. ಸಿಲಿಂಡರ್ ಒಂದು ಇರಲಿ. ಅದರ ಮುಳ್ಳು ಅನಿಲ ಖರ್ಚಾದಷ್ಟೇ ಇಳಿಯುತ್ತದೆ, ಸುಳ್ಳು ಹೇಳುವುದಿಲ್ಲ.

ಮಾವನವರು ಈಗಲೂ ವಾರಕ್ಕೊಮ್ಮೆ ಮೀಟರ್ ಇಡುತ್ತಾರೆ, ಟರ್ಮಿನಲ್ ಸಡಿಲವಾಗಿದೆಯೇ ನೋಡುತ್ತಾರೆ. ಅವರನ್ನು ಹೇಗಿದ್ದೀರಿ ಎಂದು ಯಾರು ಕೇಳಿದರೂ ಉತ್ತರ ಒಂದೇ, “ಆರಾಮ ಅದೀನಿ.” ಚಲೋ ಇದ್ದ ದಿನವೂ ಅದೇ ಮಾತು, ಅದೇ ದನಿ. ಎದೆಯಲ್ಲಿ ಕಫ ಕಟ್ಟಿ ರಾತ್ರಿಯಿಡೀ ಕೂತೇ ಕಳೆದ ದಿನವೂ ಅದೇ. ಅದಕ್ಕೆ ಈಗ ನಾನು ಆ ಪ್ರಶ್ನೆ ಕೇಳುವುದಿಲ್ಲ. ಸಂಜೆ ಕೆಲಸದಿಂದ ಬಂದು ಚಪ್ಪಲಿ ಬಿಡುತ್ತ, “ಮಾವಾರ, ಇವತ್ತ ಗೇಟಿನ ತನಕ ಹೋಗಿದ್ರೇನ್ರಿ? ನಡುವ ಎಷ್ಟ ಸಲ ನಿಂತ್ರಿ?” ಎಂದು ಕೇಳುತ್ತೇನೆ. ನಿನ್ನೆ ಎರಡು ಸಲ ಎಂದರು. ಬರೆದಿಟ್ಟೆ.